ಸಾಲವಿರುವ ಮನೆಯನ್ನು ವಿಕಲಚೇತನ ಮಕ್ಕಳಿಗೆ ಉಳಿಸಿಕೊಡುವ ಬಗೆ

ಕಲಬುರಗಿಯ ನಮ್ಮ ಮನೆಯ ಪಡಸಾಲೆಗೆ ಶಹಾಬಾದ್ ಫರ್ಸಿ ಹಾಸಿದೆ. ಬೌದ್ಧಿಕ ವಿಕಲತೆಯಿರುವ ನನ್ನ ಮಗಳು ಗೋಡೆಗೆ ಕೈಯೂರಿ, ಆ ಕಲ್ಲುಗಳ ಸಂದಿಯನ್ನೇ ಗುರುತಿಟ್ಟುಕೊಂಡು ಅಡುಗೆಮನೆಯ ತನಕ ಒಬ್ಬಳೇ ಬರುತ್ತಾಳೆ. ಈ ಮನೆ ಅವಳಿಗೆ ಉಳಿಯಬೇಕು. ಆದರೆ ಮೂಲ ಪತ್ರಗಳು ಬ್ಯಾಂಕಿನಲ್ಲಿವೆ.

ಆದ್ದರಿಂದ ಮೊದಲು ಸಾಲದ ಮಾತು. ಯಜಮಾನ ತೀರಿಕೊಂಡರೆ ಸಾಲ ತೀರುವುದಿಲ್ಲ. ಮನೆ ಪಡೆದವರು ಅಡಮಾನದ ಸಮೇತವೇ ಪಡೆಯುತ್ತಾರೆ ಮತ್ತು ಕಂತು ನಿಂತರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ಹರಾಜು ಹಾಕಬಹುದು. ಸಾಲದ ಬಾಕಿಗೆ ಸಾಲುವಷ್ಟು ಜೀವವಿಮೆ ಇರಲಿ. ಗಂಡ ಹೆಂಡತಿ ಇಬ್ಬರೂ ಸಾಲಗಾರರಾಗಿದ್ದರೆ ವಿಮೆ ಇಬ್ಬರಿಗೂ ಇದೆಯೇ ಎಂಬುದನ್ನು ಪಾಲಿಸಿ ತೆಗೆದು ಓದಿಯೇ ತಿಳಿಯಬೇಕು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಮರಳಿಸಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ.

ಎರಡನೆಯದು, ಮನೆ ಯಾರ ಹೆಸರಿಗೆ ಎಂಬುದು. ದೈಹಿಕ ವಿಕಲತೆ ಮಾತ್ರವಿರುವ ಮಕ್ಕಳಿಗೆ ನೇರವಾಗಿಯೇ ವಿಲ್ ಬರೆಯಬಹುದು, ಏಕೆಂದರೆ ತಮ್ಮ ವ್ಯವಹಾರವನ್ನು ಅವರೇ ಮಾಡಬಲ್ಲರು. ಕರಾರು ಅರ್ಥವಾಗದ ಮಕ್ಕಳ ಹೆಸರಿಗೆ ನೇರ ಬರೆದರೆ ಬಾಡಿಗೆ ಪತ್ರಕ್ಕೂ ಸಹಿ ಹಾಕುವವರಿಲ್ಲದಂತಾಗುತ್ತದೆ. ನಮ್ಮ ಕಡೆ "ಅಣ್ಣ ನೋಡಿಕೊಳ್ಳುತ್ತಾನೆ" ಎಂದು ಮನೆಯನ್ನು ಅಣ್ಣನ ಹೆಸರಿಗೆ ಮಾಡುವುದೇ ರೂಢಿ. ಅಣ್ಣನ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಆ ಮನೆ ಅವನ ಸಾಲಕ್ಕೆ ಜಪ್ತಿಯಾಗಬಹುದು, ಅವನ ನಂತರ ಅವನ ವಾರಸುದಾರರಿಗೇ ಹೋಗುತ್ತದೆ.

ನನಗೆ ಸರಿಯೆನಿಸಿದ ದಾರಿ ವಿಲ್ ಮೂಲಕ ಖಾಸಗಿ ಟ್ರಸ್ಟ್, ಅಂದರೆ ಮನೆಯನ್ನು ನಂಬಿಕೆಯ ಒಬ್ಬರ (ಟ್ರಸ್ಟಿಯ) ಹೆಸರಿನಲ್ಲಿಟ್ಟು ಅದರ ಉಪಯೋಗ ಮಗುವಿಗೇ ಸಲ್ಲುವಂತೆ ಮಾಡುವ ವ್ಯವಸ್ಥೆ. ಈಗಲೇ ಮನೆಯನ್ನು ಟ್ರಸ್ಟ್‌ಗೆ ವರ್ಗಾಯಿಸಲು ಹೊರಟರೆ ಬ್ಯಾಂಕಿನ ಒಪ್ಪಿಗೆ ಬೇಕಾಗುತ್ತದೆ. ವಿಲ್ ಬರೆಯುವುದಕ್ಕೆ ಆ ತೊಡಕಿಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲವಾದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಡಿ. ಮಗುವಿನ ಜೀವಮಾನದಲ್ಲಿ ಮನೆ ಮಾರಬಾರದು, ಮಾರಲೇಬೇಕಾದರೆ ಹಣ ಮಗುವಿಗೇ ಸಲ್ಲಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಸಿ; ನಾನು ಪಡಸಾಲೆಯ ಫರ್ಸಿ ಕೀಳಬಾರದೆಂದೂ ಬರೆಸಿದ್ದೇನೆ. ಪಿತ್ರಾರ್ಜಿತ ಮನೆಯಾದರೆ ನಿಮ್ಮ ಪಾಲಿಗಷ್ಟೇ ವಿಲ್ ನಡೆಯುತ್ತದೆ. ಮುಸ್ಲಿಂ ಕುಟುಂಬಗಳಲ್ಲಿ ವಾರಸುದಾರರಿಗೆ ವಿಲ್ ಬರೆಯಲು ಉಳಿದ ವಾರಸುದಾರರ ಒಪ್ಪಿಗೆಯ ನಿಯಮವಿರುವುದರಿಂದ ಮೊದಲೇ ವಕೀಲರನ್ನು ಕೇಳಬೇಕು.

ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪಾಲಕರಾಗಿ ಉಳಿಯುವುದಿಲ್ಲವೆಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಅಥವಾ ಬಹುವಿಕಲತೆ ಇದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕರ ನೇಮಕಕ್ಕಾಗಿ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಜಿಲ್ಲಾಧಿಕಾರಿ ಆ ಸಮಿತಿಯಲ್ಲಿರುತ್ತಾರೆ. ಹಣ ಹಿಡಿಯುವ ಟ್ರಸ್ಟಿ, ಆರೈಕೆಯ ಪಾಲಕ ಬೇರೆ ಬೇರೆಯವರಾಗಿರಲಿ. ಪಾಲಕರು ನೇಮಕವಾದ 6 ತಿಂಗಳೊಳಗೆ ಮಗುವಿನ ಆಸ್ತಿ ಮತ್ತು ಸಾಲದ ಪಟ್ಟಿಯನ್ನು ಸಲ್ಲಿಸಬೇಕಾಗುವುದರಿಂದ, ಬ್ಯಾಂಕಿನ ಸಾಲದ ಲೆಕ್ಕ, ಖಾತಾ, ವಿಮೆ ಪಾಲಿಸಿ, ವಿಲ್‌ನ ಪ್ರತಿ ಇವನ್ನೆಲ್ಲ ಒಂದೇ ಫೈಲಿನಲ್ಲಿಟ್ಟು, ಅದು ಎಲ್ಲಿದೆಯೆಂದು ಟ್ರಸ್ಟಿ, ಪಾಲಕ ಇಬ್ಬರಿಗೂ ಇಂದೇ ತೋರಿಸಿಡಿ.