ಬಿಟ್ಟು ಬಿಟ್ಟು ಪಿಕಪ್ ಹೋಗುವ ಟರ್ಬೊ ಕಾರು: ದೋಷ ಹಿಡಿದ ಬಗೆ

ಎರಡು ಲೀಟರ್ ಟರ್ಬೊ ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್, ಹಿಂದಿನ ಚಕ್ರಗಳು ತಳ್ಳುವ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಮೈಸೂರಿನೊಳಗೆ ಓಡಿಸಿದರೆ ಯಾವ ತಕರಾರೂ ಇಲ್ಲ. ಮಂಡ್ಯದ ಕಡೆ ಹೆದ್ದಾರಿಯಲ್ಲಿ ಓವರ್‌ಟೇಕ್‌ಗೆಂದು ಪೆಡಲ್ ಪೂರ್ತಿ ಒತ್ತಿದರೆ ಒಮ್ಮೊಮ್ಮೆ 3,500 ಆರ್‌ಪಿಎಂ ಆಸುಪಾಸಿನಲ್ಲಿ ಗಾಡಿ ಎಳೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಕಾಲು ತೆಗೆದು ಮತ್ತೆ ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. ಎಂಜಿನ್ ದೀಪವೂ ಹತ್ತುವುದಿಲ್ಲ.

ಇಂಥ ಲಕ್ಷಣ ಕೇಳಿದ ಕೂಡಲೇ ಟರ್ಬೊ ಮೇಲೆ ಅನುಮಾನ ಬರುತ್ತದೆ, ಇಲ್ಲವೇ ಪ್ಲಗ್, ಕಾಯಿಲ್ ಬದಲಿಸುವ ಮಾತು ಬರುತ್ತದೆ. ದೋಷ ನಡೆಯುತ್ತಿರುವ ಹೊತ್ತಿನ ಲಾಗ್ (ಸ್ಕ್ಯಾನರ್ ದಾಖಲಿಸಿಕೊಂಡ ಎಂಜಿನ್ ಅಂಕಿಗಳು) ಕೈಗೆ ಸಿಗುವವರೆಗೆ ನಾನು ಒಂದು ಕ್ಲಿಪ್ಪನ್ನೂ ಬಿಚ್ಚುವುದಿಲ್ಲ. ಪಾರ್ಟ್ ಬದಲಿಸುವಾಗ ಅಕ್ಕಪಕ್ಕದ ಕನೆಕ್ಟರ್‌ಗಳು ಅಲುಗಾಡುತ್ತವೆ, ದೋಷ ಕೆಲವು ದಿನ ಅಡಗಿ ಕೂರುತ್ತದೆ, ಹೊಸ ಪಾರ್ಟಿನಿಂದಲೇ ಸರಿಹೋಯಿತು ಅಂದುಕೊಳ್ಳುತ್ತೇವೆ. ಆಮೇಲೆ ಅದೇ ಕಥೆ, ದುಡ್ಡು ಮಾತ್ರ ಹೋಗಿರುತ್ತದೆ.

ಮೊದಲು ಓಡಿಸುವವರನ್ನು ಕೇಳಿ: ಪವರ್ ಹೋದದ್ದು ಹೇಗೆ ವಾಪಸ್ ಬರುತ್ತದೆ? ಕೀ ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಬರುವುದಾದರೆ ಅದು ಲಿಂಪ್ ಮೋಡ್ (ಎಂಜಿನ್ ತನ್ನ ರಕ್ಷಣೆಗೆ ಪವರ್ ಕಡಿತ ಮಾಡುವ ಸ್ಥಿತಿ), ಕಂಪ್ಯೂಟರಿನಲ್ಲಿ ದೋಷದ ಕೋಡ್ ಇದ್ದೇ ಇರುತ್ತದೆ. ಬೆಟ್ಟ ಹತ್ತುತ್ತಾ, ಬಿಸಿಲಲ್ಲಿ ನಿಧಾನವಾಗಿ ಕುಂದಿ, ಗಾಡಿ ತಣ್ಣಗಾದ ಮೇಲೆ ಬರುವುದಾದರೆ ಶಾಖ ಮತ್ತು ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ಅಕಾಲದಲ್ಲಿ ಹೊತ್ತಿಕೊಳ್ಳುವುದು) ಕಡೆ ನೋಡಿ. ಕಾಲು ತೆಗೆದ ಕೂಡಲೇ ಬರುವುದಾದರೆ, ಪೂರ್ತಿ ಲೋಡಿನಲ್ಲಿ ಯಾವುದೋ ಒಂದು ಪೂರೈಕೆ ಸಾಲುತ್ತಿಲ್ಲ ಎಂದರ್ಥ. ನಮ್ಮ ಕಾರು ಈ ಮೂರನೆಯ ಜಾತಿ.

ದೀಪ ಹತ್ತಿಲ್ಲ ಅಂದರೆ ಕೋಡ್ ಇಲ್ಲ ಎಂದಲ್ಲ. ಎಷ್ಟೋ ದೋಷಗಳು ಎರಡು ಡ್ರೈವ್ ಸೈಕಲ್‌ನಲ್ಲಿ ಮತ್ತೆ ಕಂಡರಷ್ಟೇ ದೀಪ ಹತ್ತಿಸುತ್ತವೆ, ಅಲ್ಲಿವರೆಗೆ ಪೆಂಡಿಂಗ್ ಪಟ್ಟಿಯಲ್ಲಿರುತ್ತವೆ. ಸ್ಕ್ಯಾನರಿನಲ್ಲಿ ಪೆಂಡಿಂಗ್ ಕೋಡ್ ಬೇರೆಯಾಗಿಯೇ ಓದಬೇಕು. ಇದರಲ್ಲಿ ಸಿಕ್ಕಿದ್ದು ಪಿ0087, ರೈಲ್ ಪ್ರೆಷರ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿನ ಒತ್ತಡ) ಕಡಿಮೆ. ಅದರ ಫ್ರೀಜ್ ಫ್ರೇಮ್ (ಕೋಡ್ ಬಿದ್ದ ಕ್ಷಣದ ಅಂಕಿಗಳು) ಫೋಟೊ ತೆಗೆದಿಟ್ಟುಕೊಳ್ಳದೆ ಕೋಡ್ ಅಳಿಸಬೇಡಿ. ಇಷ್ಟಕ್ಕೇ ಆ ಒತ್ತಡ ಹುಟ್ಟಿಸುವ ಹೈ ಪ್ರೆಷರ್ ಪಂಪ್ ಆರ್ಡರ್ ಮಾಡುವುದೂ ಆತುರವೇ. ಕೋಡ್ ಹೇಳುವುದು ಒತ್ತಡ ಬಿತ್ತು ಎಂದು ಮಾತ್ರ, ಯಾಕೆ ಬಿತ್ತು ಎಂದಲ್ಲ.

ಲಾಗ್ ಮಾಡುವಾಗ ಆಸೆಬುರುಕತನ ಬೇಡ. ಅಗ್ಗದ ಬ್ಲೂಟೂತ್ ಅಡಾಪ್ಟರ್‌ಗೆ ಇಪ್ಪತ್ತು ಸಾಲು ಕೇಳಿದರೆ ಪ್ರತಿಯೊಂದೂ ಎರಡು ಮೂರು ಸೆಕೆಂಡಿಗೊಮ್ಮೆ ಬರುತ್ತದೆ, ಅರ್ಧ ಸೆಕೆಂಡಿನ ದೋಷ ಅದರ ಸಂದಿಯಲ್ಲಿ ಜಾರಿಹೋಗುತ್ತದೆ. ಒಂದೊಂದಕ್ಕೂ ಸೆಕೆಂಡಿಗೆ ಐದು ಸಲವಾದರೂ ಓದು ಬೇಕು. ನಾನು ಆರಿಸಿದ್ದು: ಆರ್‌ಪಿಎಂ, ಪೆಡಲ್, ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಕೋನ, ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ), ರೈಲ್ ಪ್ರೆಷರ್, ಟ್ಯಾಂಕ್ ಕಡೆಯ ಲೋ ಪ್ರೆಷರ್ (ಟ್ಯಾಂಕಿನ ಪಂಪು ಹೈ ಪ್ರೆಷರ್ ಪಂಪಿಗೆ ಕಳಿಸುವ ಪೆಟ್ರೋಲಿನ ಒತ್ತಡ), ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತ, 1 ದಾಟಿದರೆ ಪೆಟ್ರೋಲ್ ಕಡಿಮೆ). ಬೂಸ್ಟ್‌ಗೂ ಎರಡು ಫ್ಯೂಯಲ್ ಒತ್ತಡಗಳಿಗೂ ಎಂಜಿನ್ ಕಂಪ್ಯೂಟರ್ ಬೇಡಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂಬ ಎರಡೂ ಅಂಕಿ ಬೇಕು. ಲೋ ಪ್ರೆಷರ್ ಸಾಮಾನ್ಯ ಓಬಿಡಿ ಪಟ್ಟಿಯಲ್ಲಿ (ಎಲ್ಲ ಕಂಪನಿಯ ಕಾರುಗಳಿಗೂ ಒಂದೇ ಆದ ಸ್ಕ್ಯಾನರ್ ಪಟ್ಟಿ) ಸಿಗುವುದಿಲ್ಲ, ಆ ಕಂಪನಿಯ ಕಾರುಗಳನ್ನು ಪೂರ್ತಿ ಓದುವ ಸ್ಕ್ಯಾನರೇ ಬೇಕು.

ಬೂಸ್ಟ್ ಸೆನ್ಸರನ್ನು ನಂಬುವ ಮುಂಚೆ ಒಂದು ಪುಕ್ಕಟೆ ಪರೀಕ್ಷೆ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಸೆನ್ಸರ್ ಸುಮಾರು 92 ಕಿಲೋಪಾಸ್ಕಲ್ ತೋರಿಸಬೇಕು. ಚಾಮುಂಡಿ ಬೆಟ್ಟದ ಮೇಲೆ 89ರ ಹತ್ತಿರ. ಇಲ್ಲಿ 101 ತೋರಿಸುವ ಸೆನ್ಸರ್ ಸುಳ್ಳು ಹೇಳುತ್ತಿದೆ. ಸ್ಕ್ಯಾನರಿನಲ್ಲಿ ಬರುವುದು ಹೊರಗಿನ ಗಾಳಿಯ ಒತ್ತಡವೂ ಸೇರಿದ ಅಂಕಿ. 215 ಅಂದರೆ ನಿಜವಾದ ಬೂಸ್ಟ್ 123 ಕಿಲೋಪಾಸ್ಕಲ್, 1.2 ಬಾರ್ ಚಿಲ್ಲರೆ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ ಗಂಟೆಗೆ 100 ಕಿ.ಮೀ., ಕ್ಯಾಮೆರಾಗಳೂ ಇವೆ. ಲಾಗ್‌ಗೆ ಅದಕ್ಕಿಂತ ವೇಗ ಬೇಕಾಗಿಯೂ ಇಲ್ಲ. ಮೂರನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಪೆಡಲ್ ಪೂರ್ತಿ ಒತ್ತಿ 4,000ಕ್ಕೆ ಬಿಟ್ಟರೆ ಸಾಕು. ಲೋಡ್ ಪೂರ್ತಿ ಬೀಳುತ್ತದೆ, ವೇಗ ನೂರು ದಾಟುವುದಿಲ್ಲ. ಸ್ಕ್ಯಾನರ್ ನೋಡಲು ಪಕ್ಕದ ಸೀಟಿನಲ್ಲಿ ಇನ್ನೊಬ್ಬರಿರಲಿ. ಶಾಖದ ಅನುಮಾನವಿದ್ದರೆ ಚಾಮುಂಡಿ ಬೆಟ್ಟದ ರಸ್ತೆ ಒಳ್ಳೆಯದು, ಎರಡನೇ ಗೇರಿನಲ್ಲಿ ಮೆಲ್ಲಗೆ ಹತ್ತಿಸಿದರೂ ಇನ್‌ಟೇಕ್ ಗಾಳಿಯ ಬಿಸಿ ಏರುವುದು ಕಾಣುತ್ತದೆ. ಬೆಳಿಗ್ಗೆ ವಾಕಿಂಗ್ ಜನ ಇರುತ್ತಾರೆ, ಆಷಾಢ ಶುಕ್ರವಾರವಂತೂ ಆ ಕಡೆ ತಲೆ ಹಾಕಬೇಡಿ.

ದೋಷ ಸಿಕ್ಕಿಬಿದ್ದ ಲಾಗ್ ಹೀಗಿತ್ತು. ಪೆಡಲ್ 100. ಮೊದಲು ಲೋ ಪ್ರೆಷರ್ 5.8 ಬಾರ್‌ನಿಂದ 3.1ಕ್ಕೆ ಕುಸಿಯಿತು. ಅರ್ಧ ಸೆಕೆಂಡ್ ಬಿಟ್ಟು ರೈಲ್ ಪ್ರೆಷರ್ ಬೇಡಿಕೆ 180 ಬಾರ್ ಇದ್ದರೂ ಸಿಕ್ಕಿದ್ದು 95. ಲ್ಯಾಂಬ್ಡಾ 0.88ರಿಂದ 1.05ಕ್ಕೆ, ಅಂದರೆ ಪೆಟ್ರೋಲ್ ಸಾಲದು. ಆಗ ಎಂಜಿನ್ ಕಂಪ್ಯೂಟರ್ ತನ್ನ ಪಿಸ್ಟನ್ ಉಳಿಸಿಕೊಳ್ಳಲು ಥ್ರಾಟಲನ್ನು 82ರಿಂದ 34ಕ್ಕೆ ಮುಚ್ಚಿತು. ಬೂಸ್ಟ್ ಬಿದ್ದದ್ದು ಎಲ್ಲಕ್ಕಿಂತ ಕೊನೆಗೆ. ಸೀಟಿನಲ್ಲಿ ಕೂತವರಿಗೆ ಟರ್ಬೊ ಹೋದ ಹಾಗೆ ಅನ್ನಿಸಿದ್ದು ಈ ಕೊನೆಯದು. ಯಾವುದು ಮೊದಲು ಬಿತ್ತು ಎನ್ನುವುದರಲ್ಲೇ ಉತ್ತರವಿರುತ್ತದೆ. ಲೋ ಪ್ರೆಷರ್ ಗಟ್ಟಿಯಾಗಿ ನಿಂತು ರೈಲ್ ಮಾತ್ರ ಬಿದ್ದಿದ್ದರೆ ಹೈ ಪ್ರೆಷರ್ ಪಂಪ್ ಅಥವಾ ಅದನ್ನು ಒತ್ತುವ ಕ್ಯಾಮ್ ಫಾಲೋಯರ್ ನೋಡಬೇಕಿತ್ತು.

ಈಗ ಟ್ಯಾಂಕ್ ಕಡೆ ಹೊರಟೆವು. ಫ್ಯೂಯಲ್ ಪಂಪನ್ನು ಓಡಿಸುವ ಕಂಟ್ರೋಲ್ ಮಾಡ್ಯೂಲ್ ಡಿಕ್ಕಿಯ ಕಾರ್ಪೆಟ್ ಅಡಿ ಇತ್ತು, ಬ್ಯಾಟರಿಯೂ ಅಲ್ಲೇ. ಮಾಡ್ಯೂಲ್ ಪಂಪಿಗೆ ಕೊಡುವುದು ಪಲ್ಸ್ ರೂಪದ ವೋಲ್ಟೇಜ್. ಅದನ್ನು ಮಲ್ಟಿಮೀಟರಿನಲ್ಲಿ ಅಳೆದರೆ ದಾರಿ ತಪ್ಪುತ್ತೀರಿ, ಮೂರು ವೈರಿನ ಬ್ರಶ್‌ಲೆಸ್ ಪಂಪಾದರೆ ಅಳೆದು ಏನೂ ತಿಳಿಯುವುದಿಲ್ಲ. ಮಾಡ್ಯೂಲಿಗೆ ಒಳಬರುವ ಪ್ಲಸ್ ಮತ್ತು ಅರ್ಥಿಂಗ್ ಅಳೆಯಿರಿ, ಅದೂ ಸ್ಕ್ಯಾನರಿನಿಂದ ಪಂಪಿಗೆ 100 ಶೇಕಡಾ ಆಜ್ಞೆ ಕೊಟ್ಟು ಅದು ಓಡುತ್ತಿರುವಾಗ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಮಾಡ್ಯೂಲಿನ ಪ್ಲಸ್ ಪಿನ್ನಿಗೆ: ದಾರಿಯಲ್ಲಿ ನಷ್ಟವಾದದ್ದು (ವೋಲ್ಟೇಜ್ ಡ್ರಾಪ್) 0.15 ವೋಲ್ಟ್, ಪರವಾಗಿಲ್ಲ. ಬ್ಯಾಟರಿ ಮೈನಸ್ಸಿನಿಂದ ಮಾಡ್ಯೂಲಿನ ಅರ್ಥಿಂಗ್ ಪಿನ್ನಿಗೆ: ಶುರುವಿಗೆ 0.5, ಮೂರು ನಿಮಿಷ ಓಡಿದ ಮೇಲೆ 1.4. ಇಲ್ಲಿ 0.2 ದಾಟಿದರೇ ಹೆಚ್ಚು.

ಇದೇ ವೈರನ್ನು ಮೀಟರಿನ ಕಂಟಿನ್ಯೂಟಿ ಬೀಪ್‌ನಲ್ಲಿ (ವೈರ್ ತುಂಡಾಗಿಲ್ಲ ಎಂದಷ್ಟೇ ಹೇಳುವ ಪರೀಕ್ಷೆ) ಪರೀಕ್ಷಿಸಿದ್ದರೆ ಪಾಸ್. 11 ಆಂಪಿಯರ್ ಹರಿಯುವಾಗ 1.4 ವೋಲ್ಟ್ ಬೀಳಲು 0.13 ಓಮ್ ಸಾಕು, ಮೀಟರಿನ ಕಡ್ಡಿಗಳಿಗೇ ಹೆಚ್ಚುಕಮ್ಮಿ ಅಷ್ಟು ಇರುತ್ತದೆ. ಆದರೆ ಆ ಜಾಗದಲ್ಲಿ 15 ವ್ಯಾಟ್ ಶಾಖ ಹುಟ್ಟುತ್ತದೆ. ಬಿಸಿಯಾದಷ್ಟೂ ಸಂಪರ್ಕ ಕೆಡುತ್ತದೆ, ಕಾಲು ತೆಗೆದರೆ ತಣ್ಣಗಾಗುತ್ತದೆ. ದೋಷ ಬಂದು ಹೋಗುತ್ತಿದ್ದ ಗುಟ್ಟು ಇದು.

ಬಿಚ್ಚುವ ಮುಂಚೆ ಸಾಬೀತು ಮಾಡಿಕೊಳ್ಳಿ. ಮಾಡ್ಯೂಲಿನ ಅರ್ಥಿಂಗ್ ವೈರಿಗೆ 4 ಚದರ ಮಿಲಿಮೀಟರ್ ವೈರೊಂದನ್ನು ತಾತ್ಕಾಲಿಕವಾಗಿ ಜೋಡಿಸಿ ನೇರ ಬ್ಯಾಟರಿ ಮೈನಸ್ಸಿಗೆ ಕಟ್ಟಿ, ಅದೇ ರಸ್ತೆ, ಅದೇ ಗೇರ್. ಲೋ ಪ್ರೆಷರ್ 5.7ರ ಕೆಳಗೆ ಇಳಿಯಲಿಲ್ಲ. ಆಮೇಲೆಯೇ ಅರ್ಥಿಂಗ್ ಬೋಲ್ಟ್ ಬಿಚ್ಚಿದ್ದು. ವೈರಿನ ತುದಿಯ ಲೋಹದ ಲಗ್ಗಿನ ಮೇಲ್ಭಾಗ ನೋಡಲು ಸರಿಯಾಗೇ ಇತ್ತು. ತಿರುಗಿಸಿದರೆ ಬಾಡಿಗೆ ಒತ್ತಿಕೊಳ್ಳುವ ಮಗ್ಗುಲಲ್ಲಿ ಹಸಿರು ಪುಡಿ, ನಡುವೆ ಸುಟ್ಟ ಕಂದು ಬಳೆ, ವೈರಿನ ಪ್ಲಾಸ್ಟಿಕ್ ಒಂದು ಇಂಚು ಗಟ್ಟಿಯಾಗಿತ್ತು. ಮೇಲಿನ ಟೈಲ್ ಲ್ಯಾಂಪಿನ ಗ್ಯಾಸ್ಕೆಟ್ ಕುಗ್ಗಿ ಮಳೆನೀರು ಇಲ್ಲಿಗೆ ಇಳಿಯುತ್ತಿತ್ತು.

ರಿಪೇರಿ ಸಣ್ಣದು. ಗಟ್ಟಿಯಾದಷ್ಟು ವೈರ್ ಕತ್ತರಿಸಿ, ಹೊಸ ತಾಮ್ರದ ಲಗ್ಗನ್ನು ಕ್ರಿಂಪ್ ಮಾಡಿ (ಬರೀ ಬೆಸುಗೆ ಬೇಡ, ಬಿಸಿಗೆ ಬಿಡುತ್ತದೆ), ಬಾಡಿಯ ಲೋಹ ಹೊಳೆಯುವವರೆಗೆ ಸ್ಯಾಂಡ್ ಪೇಪರ್ ಹಾಕಿ, ಸ್ಟಾರ್ ವಾಷರ್ ಇಟ್ಟು ಬಿಗಿಮಾಡಿ. ಪೆಟ್ರೋಲಿಯಂ ಜೆಲ್ಲಿ ಹಚ್ಚುವುದು ಬಿಗಿದ ಮೇಲೆ. ವೋಲ್ಟೇಜ್ ಡ್ರಾಪ್ 0.06ಕ್ಕೆ ಇಳಿಯಿತು.

ನಿಮ್ಮ ಲಾಗ್‌ನಲ್ಲಿ ಮೊದಲು ಬಿದ್ದದ್ದು ಬೂಸ್ಟ್ ಆದರೆ ದಾರಿ ಬೇರೆ. ಏರ್ ಫಿಲ್ಟರ್ ತೆಗೆದು ನೋಡಿ, ಆಲೆಮನೆಗಳ ಮಗ್ಗುಲಲ್ಲಿ ದಿನಾ ಓಡುವ ಕಾರಿನಲ್ಲಿ ಅದು ಬೂದಿ ಹಿಡಿದಿರುತ್ತದೆ. ಆಮೇಲೆ ಟರ್ಬೊ ಬಾಯಿಗೆ ಮುಚ್ಚಳ ಕಟ್ಟಿ, ಆಯಿಲ್ ಕ್ಯಾಪ್ ತೆಗೆದಿಟ್ಟು, ಕಂಪ್ರೆಸರಿನಿಂದ 0.3 ಬಾರ್ ಗಾಳಿ ಬಿಟ್ಟು ಪೈಪ್ ಜೋಡಣೆಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಬಾರದಿದ್ದರೆ ವೇಸ್ಟ್‌ಗೇಟ್‌ಗೆ (ಬೂಸ್ಟ್ ಹತೋಟಿಯಲ್ಲಿಡುವ ಬಾಗಿಲು) ಹೋಗುವ ಸಣ್ಣ ರಬ್ಬರ್ ಪೈಪು, ಪೆಡಲ್ ಬಿಟ್ಟಾಗ ಹೆಚ್ಚಿನ ಗಾಳಿ ಹೊರಳಿಸುವ ಡೈವರ್ಟರ್ ವಾಲ್ವಿನ ಡಯಾಫ್ರಾಮ್ ನೋಡಿ. ಲ್ಯಾಂಬ್ಡಾ, ಬೂಸ್ಟ್ ಎರಡೂ ಸರಿಯಿದ್ದು ಗಾಡಿ ಜರ್ಕ್ ಹೊಡೆದರೆ ಸಿಲಿಂಡರ್‌ವಾರು ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದ ಸಲಗಳ) ಲೆಕ್ಕ ತೆಗೆದು, ಹೆಚ್ಚಿರುವ ಸಿಲಿಂಡರಿನ ಕಾಯಿಲನ್ನು ಇನ್ನೊಂದಕ್ಕೆ ಹಾಕಿ. ಲೆಕ್ಕವೂ ಜೊತೆಗೆ ಹೋದರೆ ಕಾಯಿಲ್ಲೇ ಕಳ್ಳ. ಗದ್ದೆ ಬದಿ ನಿಲ್ಲಿಸುವ ಗಾಡಿಯಲ್ಲಿ ಇಲಿ ಕಡಿದ ವೈರ್ ಹುಡುಕುವುದನ್ನು ಮರೆಯಬೇಡಿ.

ಹೈ ಪ್ರೆಷರ್ ಪೈಪನ್ನು ಮಾತ್ರ ಎಂಜಿನ್ ಆಫ್ ಮಾಡಿದ ತಕ್ಷಣ ಸಡಿಲಿಸಬೇಡಿ. ಒಳಗೆ ಭಾರೀ ಒತ್ತಡ ಉಳಿದಿರುತ್ತದೆ, ಚಿಮ್ಮುವ ಪೆಟ್ರೋಲಿನ ಎಳೆ ಚರ್ಮ ಸೀಳಿ ಒಳಹೋಗಬಹುದು.

ಟೈಲ್ ಲ್ಯಾಂಪಿಗೆ ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಅರ್ಥಿಂಗ್ ಬೋಲ್ಟಿನ ಸುತ್ತ ಟಿಶ್ಯೂ ಪೇಪರ್ ಹಾಸಿ, ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ. ಪೇಪರ್ ಒದ್ದೆಯಾಗದಿದ್ದರೆ ಕಾರ್ಪೆಟ್ ಮುಚ್ಚಬಹುದು.