ಸಿಗ್ನಲ್ ಇಲ್ಲದ ಕೋಣೆಯಲ್ಲೂ ಫೋನ್ ರಿಂಗಾಗಲಿ: ವೈಫೈ ಕಾಲಿಂಗ್ ಹೊಂದಿಸುವುದು ಹೀಗೆ

ಗೋಡೆ ದಪ್ಪಗಿದ್ದರೆ, ಕೋಣೆ ನೆಲಮಾಳಿಗೆಯಲ್ಲಿದ್ದರೆ, ಮನೆಗೂ ಟವರ್‌ಗೂ ನಡುವೆ ಗುಡ್ಡ ಅಡ್ಡ ಬಂದರೆ ಮೊಬೈಲ್ ಸಿಗ್ನಲ್ ಒಳಗೆ ಬರುವುದು ಕಷ್ಟ. ಮಾತಾಡಬೇಕೆಂದರೆ ಕಿಟಕಿ ಪಕ್ಕ ನಿಲ್ಲಬೇಕು, ಇಲ್ಲವೇ ತಾರಸಿ ಹತ್ತಬೇಕು. ಮನೆಯೊಳಗೆ ವೈಫೈ ನೆಟ್ಟಗಿದ್ದರೆ ಈ ಪಾಡು ಬೇಕಿಲ್ಲ. ಈಚಿನ ಬಹುತೇಕ ಸ್ಮಾರ್ಟ್‌ಫೋನ್‌ಗಳಲ್ಲಿ ವೈಫೈ ಕಾಲಿಂಗ್ ಇದ್ದೇ ಇದೆ, ಆನ್ ಮಾಡಲು ಒಂದು ನಿಮಿಷ ಸಾಕು. ಆದರೆ ಆನ್ ಮಾಡಿದ ಮೇಲೂ ಕರೆ ಬಾರದಿದ್ದರೆ, ನಡುವೆ ಕಡಿದರೆ, ಮೆಸೇಜ್ ಹೋಗದಿದ್ದರೆ ಎಲ್ಲಿ ನೋಡಬೇಕೆಂದು ತಿಳಿಯದೆ ಜನ ಕೈಬಿಡುತ್ತಾರೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಅದಕ್ಕೇ.

ಆ್ಯಪ್ ಕರೆ ಬೇರೆ, ಇದು ಬೇರೆ

ವಾಟ್ಸ್‌ಆ್ಯಪ್‌ನಂಥ ಆ್ಯಪ್ ಕರೆಗಳೂ ವೈಫೈ ಮೇಲೆಯೇ ಹೋಗುತ್ತವೆ. ಅಲ್ಲಿ ಆ ಕಡೆಯವರ ಬಳಿಯೂ ಅದೇ ಆ್ಯಪ್ ಇರಬೇಕು. ವೈಫೈ ಕಾಲಿಂಗ್‌ಗೆ ಆ ಕಟ್ಟುಪಾಡಿಲ್ಲ. ನಿಮ್ಮ ಮಾಮೂಲಿ ನಂಬರಿನಿಂದ, ಮಾಮೂಲಿ ಡಯಲರ್‌ನಿಂದಲೇ ಕರೆ ಹೋಗುತ್ತದೆ. ಆ ಕಡೆ ಲ್ಯಾಂಡ್‌ಲೈನ್ ಇರಲಿ, ಗುಂಡಿ ಒತ್ತುವ ಹಳೇ ಫೋನ್ ಇರಲಿ, ರಿಂಗಾಗುತ್ತದೆ.

ಒಳಗೆ ನಡೆಯುವುದು ಇಷ್ಟು. ಫೋನ್ ವೈಫೈಗೆ ಸೇರಿದ ಕೂಡಲೇ ಇಂಟರ್ನೆಟ್ ಮೂಲಕ ನಿಮ್ಮ ಮೊಬೈಲ್ ಕಂಪನಿಯ ಇ-ಪಿಡಿಜಿ ಎಂಬ ಗೇಟ್‌ವೇಯನ್ನು ಹುಡುಕುತ್ತದೆ, ಅಲ್ಲಿಯವರೆಗೆ ಐಪಿಸೆಕ್ ಎಂಬ ಗೂಢಲಿಪಿಯ ಸುರಂಗವೊಂದನ್ನು ಕೊರೆಯುತ್ತದೆ. ಪಾಸ್‌ವರ್ಡ್ ಯಾರೂ ಕೇಳುವುದಿಲ್ಲ, ಸಿಮ್‌ನೊಳಗಿನ ಗುಪ್ತ ಕೀಲಿಯೇ ನಿಮ್ಮ ಗುರುತು. ಸುರಂಗ ಸಿದ್ಧವಾದ ಮೇಲೆ ಫೋನ್ ಕಂಪನಿಯ ಐಎಂಎಸ್ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಕೊಳ್ಳುತ್ತದೆ. 4ಜಿಯ ವೋಲ್ಟಿ ಕರೆಗಳನ್ನು ನಡೆಸುವುದೂ ಇದೇ ಐಎಂಎಸ್. ಕಂಪನಿಯ ಪಾಲಿಗೆ ನಿಮ್ಮ ವೈಫೈ ಇನ್ನೊಂದು ಟವರ್ ಇದ್ದಂತೆ. ಬೇರೆಯವರ ವೈಫೈ ಬಳಸಿದರೂ ಅದರ ಮಾಲೀಕರಿಗೆ ನಿಮ್ಮ ಮಾತು ಕೇಳಿಸದಿರುವುದು ಈ ಸುರಂಗದಿಂದಲೇ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಸುರಂಗ ಏಳದೇ ಇರುವುದರಿಂದ ಅಥವಾ ಎದ್ದ ಸುರಂಗ ನಿಲ್ಲದೇ ಇರುವುದರಿಂದ ಬರುತ್ತವೆ.

ಆನ್ ಮಾಡುವುದು

ಕಂಪನಿ ಈ ಸೌಲಭ್ಯ ಕೊಡುತ್ತಿರಬೇಕು, ನಿಮ್ಮ ಫೋನ್ ಮಾದರಿಗೆ ಅದು ಒಪ್ಪಿಗೆ ಕೊಟ್ಟಿರಬೇಕು, ಹಲವು ಕಡೆ ವೋಲ್ಟಿಯೂ ಆನ್ ಇರಬೇಕು. ಈ ಮೂರರಲ್ಲಿ ನಡುವಿನದನ್ನು ಜನ ಮರೆಯುತ್ತಾರೆ. ಫೋನಿನ ಯಂತ್ರಾಂಶಕ್ಕೆ ಸಾಮರ್ಥ್ಯವಿದ್ದರೂ ಆ ಕಂಪನಿಗೆ ಬೇಕಾದ ಸೆಟ್ಟಿಂಗ್ ಕಡತ ಫೋನಿನಲ್ಲಿ ಇಲ್ಲದಿದ್ದರೆ ವೈಫೈ ಕಾಲಿಂಗ್ ಎಂಬ ಆಯ್ಕೆಯೇ ಕಾಣಿಸುವುದಿಲ್ಲ. ಬೇರೆ ದೇಶದಿಂದ ತಂದ ಫೋನ್‌ಗಳಲ್ಲಿ ಹೀಗಾಗುವುದು ಹೆಚ್ಚು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಆಮೇಲೂ ಕಾಣದಿದ್ದರೆ ಕಂಪನಿಯನ್ನೇ ಕೇಳಬೇಕು.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಮತ್ತು ಇಂಟರ್ನೆಟ್, ಸಿಮ್ಸ್, ನಿಮ್ಮ ಸಿಮ್, ವೈಫೈ ಕಾಲಿಂಗ್, ಈ ದಾರಿಯಲ್ಲಿ ಹೋಗಿ. ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್, ಕನೆಕ್ಷನ್ಸ್, ವೈಫೈ ಕಾಲಿಂಗ್. ಮೆನು ಬೇರೆಯಾಗಿದ್ದರೆ ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ ಹೆಸರು ಟೈಪಿಸಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಸೆಲ್ಯುಲರ್ (ಕೆಲವೆಡೆ ಮೊಬೈಲ್ ಸರ್ವಿಸ್ ಎಂದಿರುತ್ತದೆ), ವೈಫೈ ಕಾಲಿಂಗ್. ಅಲ್ಲಿ ‘ವೈಫೈ ಕಾಲಿಂಗ್ ಆನ್ ದಿಸ್ ಐಫೋನ್’ ಗುಂಡಿ ಒತ್ತಿ. ಕೆಲವು ದೇಶಗಳಲ್ಲಿ ಆಗಲೇ ತುರ್ತು ವಿಳಾಸ ಕೇಳುತ್ತದೆ. ಸರಿಯಾದ ವಿಳಾಸವನ್ನೇ ಕೊಡಿ, ಮನೆ ಬದಲಾದರೆ ತಿದ್ದಿ.

ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಆನ್ ಮಾಡಬೇಕು. ಒಂದಕ್ಕೆ ಮಾಡಿದರೆ ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲ.

ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಆದ್ಯತೆ ಎಂಬ ಇನ್ನೊಂದು ಆಯ್ಕೆ ಇರುತ್ತದೆ: ವೈಫೈಗೆ ಮೊದಲ ಮಣೆಯೋ, ಮೊಬೈಲ್ ನೆಟ್‌ವರ್ಕ್‌ಗೋ? ಮನೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಬಂದು ಹೋಗುತ್ತಿದ್ದರೆ ವೈಫೈಗೇ ಕೊಡಿ. ಇಲ್ಲವಾದರೆ ಫೋನ್ ಆ ಒಂದು ಕಡ್ಡಿಯನ್ನೇ ಜೋತುಬಿದ್ದು ಹಿಡಿದುಕೊಳ್ಳುತ್ತದೆ, ಮಾತು ತುಂಡುತುಂಡಾಗುತ್ತದೆ. ಸಿಗ್ನಲ್ ಪೂರ್ತಿ ಇಲ್ಲದ ಜಾಗಕ್ಕಿಂತ ಅರೆಬರೆ ಇರುವ ಜಾಗದಲ್ಲೇ ವೈಫೈ ಕಾಲಿಂಗ್ ಹೆಚ್ಚು ಗೋಳು ಕೊಡುವುದು ಈ ಕಾರಣಕ್ಕೆ.

ಏರ್‌ಪ್ಲೇನ್ ಮೋಡ್ ಪರೀಕ್ಷೆ

ಆನ್ ಮಾಡಿದ್ದು ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇದಕ್ಕಿಂತ ನಂಬಿಕಸ್ತ ದಾರಿ ಇಲ್ಲ.

1. ಏರ್‌ಪ್ಲೇನ್ ಮೋಡ್ ಆನ್ ಮಾಡಿ. ಈಗ ಟವರ್ ಸಂಪರ್ಕ ಪೂರ್ತಿ ಕಡಿದಿದೆ.
2. ಅದೇ ಸ್ಥಿತಿಯಲ್ಲಿ ವೈಫೈ ಮಾತ್ರ ಮತ್ತೆ ಆನ್ ಮಾಡಿ, ಅರ್ಧ ನಿಮಿಷ ಕಾಯಿರಿ. ಮೇಲಿನ ಪಟ್ಟಿಯಲ್ಲಿ ಕಂಪನಿಯ ಹೆಸರಿನ ಪಕ್ಕ ವೈಫೈ ಎಂದೋ, ಫೋನ್ ಮತ್ತು ವೈಫೈ ಸೇರಿದ ಚಿಹ್ನೆಯೋ ಬರಬೇಕು.
3. ಒಂದು ಕರೆ ಮಾಡಿ. ಬಳಿಕ ಬೇರೆ ಫೋನಿನಿಂದ ಈ ನಂಬರಿಗೆ ಕರೆ ಮಾಡಿಸಿ.
4. ಒಂದು ಎಸ್ಎಂಎಸ್ ಕಳಿಸಿ, ಒಂದನ್ನು ತರಿಸಿಕೊಳ್ಳಿ.
5. ಪರದೆ ಆರಿಸಿ ಫೋನನ್ನು ಅರ್ಧ ಗಂಟೆ ಹಾಗೇ ಇಡಿ. ಆಮೇಲೆ ಮತ್ತೊಮ್ಮೆ ಹೊರಗಿನಿಂದ ಕರೆ ಮಾಡಿಸಿ.

ಐದನೆಯದನ್ನು ಬಿಡಬೇಡಿ. ಮೊದಲ ನಾಲ್ಕರಲ್ಲಿ ಪಾಸಾಗಿ ಐದರಲ್ಲಿ ಬೀಳುವ ಮನೆಗಳಿವೆ, ಕಾರಣ ಮುಂದೆ ಹೇಳುತ್ತೇವೆ.

ಚಿಹ್ನೆಯೇ ಬಾರದಿದ್ದರೆ ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ *#*#4636#*#* ಡಯಲ್ ಮಾಡಿದಾಗ ಪರೀಕ್ಷಾ ಮೆನು ತೆರೆದುಕೊಳ್ಳುತ್ತದೆ. ಅಲ್ಲಿ ಫೋನ್ ಮಾಹಿತಿಗೆ ಹೋಗಿ, ಮೂಲೆಯ ಮೂರು ಚುಕ್ಕಿ ಒತ್ತಿ, ಐಎಂಎಸ್ ಸರ್ವಿಸ್ ಸ್ಟೇಟಸ್ ನೋಡಿ. ‘ರಿಜಿಸ್ಟರ್ಡ್’ ಎಂದೂ, ವಾಯ್ಸ್ ಓವರ್ ವೈಫೈ ಎದುರು ‘ಅವೈಲಬಲ್’ ಎಂದೂ ಇದ್ದರೆ ಸುರಂಗ ಎದ್ದಿದೆ. ಆ ಮೆನುವಿನಲ್ಲಿ ಬೇರೆ ಏನನ್ನೂ ಬದಲಿಸಲು ಹೋಗಬೇಡಿ.

ಸುರಂಗ ಏಳದಿದ್ದರೆ

ಮನೆಯ ವೈಫೈಯಲ್ಲಿ ಆಗದ್ದು ಬೇರೆ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಆಗುತ್ತದೆಯೇ ನೋಡಿ. ಅಲ್ಲಿ ಆಗುವುದಾದರೆ ತಪ್ಪು ರೂಟರಿನಲ್ಲಿದೆ ಅಥವಾ ಇಂಟರ್ನೆಟ್ ಸಂಪರ್ಕದಲ್ಲಿದೆ. ಅಲ್ಲೂ ಆಗದಿದ್ದರೆ ಹೆಚ್ಚಾಗಿ ಫೋನಿನಲ್ಲೋ ಸಿಮ್‌ನಲ್ಲೋ ಇದೆ. ಈ ಒಂದು ಪರೀಕ್ಷೆ ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುವುದನ್ನು ತಪ್ಪಿಸುತ್ತದೆ.

ಸುರಂಗಕ್ಕೆ ಯುಡಿಪಿ ಎಂಬ ಸಾಗಣೆ ವಿಧಾನದ 500 ಮತ್ತು 4500 ಎಂಬ ಎರಡು ಪೋರ್ಟ್‌ಗಳು (ಸಂಖ್ಯೆಯಿರುವ ಬಾಗಿಲುಗಳು) ಹೊರಮುಖವಾಗಿ ತೆರೆದಿರಬೇಕು. ಮನೆಯ ರೂಟರ್‌ಗಳಲ್ಲಿ ಸಾಮಾನ್ಯವಾಗಿ ತೆರೆದೇ ಇರುತ್ತವೆ. ಕಚೇರಿ, ಆಸ್ಪತ್ರೆ, ಹಾಸ್ಟೆಲ್‌ಗಳ ಫೈರ್‌ವಾಲ್‌ಗಳಲ್ಲಿ ಮುಚ್ಚಿರುವುದುಂಟು. ವೆಬ್ ಪುಟ ಸಲೀಸಾಗಿ ತೆರೆಯುತ್ತದೆ, ವಿಡಿಯೊ ಓಡುತ್ತದೆ, ವೈಫೈ ಕಾಲಿಂಗ್ ಮಾತ್ರ ಇಲ್ಲ ಎಂದರೆ ಮೊದಲ ಅನುಮಾನ ಇಲ್ಲಿಗೇ ಹೋಗಬೇಕು. ರೂಟರಿನಲ್ಲಿ ಐಪಿಸೆಕ್ ಪಾಸ್‌ಥ್ರೂ ಎಂಬ ಆಯ್ಕೆ ಇದ್ದರೆ ಆನ್ ಇಡಿ. ಇಂಟರ್ನೆಟ್ ಕರೆ ಜೋಡಿಸುವ ಸಿಪ್ ಸಂದೇಶಗಳನ್ನು ರೂಟರ್ ತಿದ್ದುವ ಸಿಪ್ ಎಎಲ್‌ಜಿ ಆಯ್ಕೆಯನ್ನು ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸಿಪ್ ಆ್ಯಪ್ ಬಳಸುವವರಿಗೆ ಅದು ಸರಿ. ಇಲ್ಲಿ ಸಿಪ್ ಸಂದೇಶಗಳು ಸುರಂಗದೊಳಗೇ ಹೋಗುವುದರಿಂದ ರೂಟರಿಗೆ ಅವು ಕಾಣುವುದೇ ಇಲ್ಲ, ಆಫ್ ಮಾಡಿದರೂ ಬಿಟ್ಟರೂ ಒಂದೇ.

ಸುರಂಗ ಕಟ್ಟುವಾಗ ಕಂಪನಿಯ ಗೇಟ್‌ವೇ ತನ್ನ ಪ್ರಮಾಣಪತ್ರ ಕಳಿಸುತ್ತದೆ. ಅದು ದೊಡ್ಡದು, ಒಂದು ಪ್ಯಾಕೆಟ್‌ನಲ್ಲಿ (ದತ್ತಾಂಶದ ಪೊಟ್ಟಣದಲ್ಲಿ) ಹಿಡಿಯದೆ ಒಡೆದು ಬರಬಹುದು. ಒಡೆದ ತುಣುಕುಗಳನ್ನು ಫೈರ್‌ವಾಲ್ ಎಸೆದುಬಿಟ್ಟರೆ ಮಾತುಕತೆ ಅರ್ಧಕ್ಕೇ ನಿಲ್ಲುತ್ತದೆ. ಆಗ ಫೋನಿನಲ್ಲಿ ಚಿಹ್ನೆ ಬರುವುದೇ ಇಲ್ಲ, ತಪ್ಪಿನ ಸಂದೇಶವೂ ಕಾಣುವುದಿಲ್ಲ. ತುಣುಕುಗಳನ್ನು ತಡೆಯುವ ಆಯ್ಕೆ ರೂಟರಿನ ಭದ್ರತಾ ಪುಟದಲ್ಲಿದ್ದರೆ ಆಫ್ ಮಾಡಿ.

ಇನ್ನು ಸಣ್ಣಪುಟ್ಟವು. ಹೋಟೆಲ್, ವಿಮಾನ ನಿಲ್ದಾಣಗಳಲ್ಲಿ ಲಾಗಿನ್ ಪುಟ ದಾಟುವವರೆಗೆ ಏನೂ ಆಗದು. ಫೋನಿನಲ್ಲಿ ವಿಪಿಎನ್ ಇದ್ದರೆ ಆಫ್ ಮಾಡಿ ನೋಡಿ. ಜಾಹೀರಾತು ತಡೆಯುವ ಡಿಎನ್‌ಎಸ್ ಹಾಕಿದ್ದರೆ ಅದನ್ನೂ. ಫೋನಿನ ದಿನಾಂಕ, ಸಮಯ ಸ್ವಯಂಚಾಲಿತವಾಗಿರಲಿ.

ಹೋಗುವ ಕರೆ ಸರಿ, ಬರುವ ಕರೆ ಇಲ್ಲ

ಐದನೇ ಪರೀಕ್ಷೆಯಲ್ಲಿ ಬಿದ್ದವರ ಸಮಸ್ಯೆ ಇದು. ಕರೆ ಮಾಡಿದವರಿಗೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದು ಕೇಳಿಸುತ್ತದೆ, ನಿಮ್ಮ ಫೋನ್ ತಣ್ಣಗೆ ಮೇಜಿನ ಮೇಲಿರುತ್ತದೆ.

ರೂಟರ್ ಪ್ರತಿ ಸಂಪರ್ಕಕ್ಕೂ ‘ಈ ಪೋರ್ಟ್‌ಗೆ ಬಂದದ್ದು ಈ ಫೋನಿಗೆ’ ಎಂದು ಒಂದು ಸಾಲು ಬರೆದಿಟ್ಟುಕೊಂಡಿರುತ್ತದೆ. ಸ್ವಲ್ಪ ಹೊತ್ತು ಆ ದಾರಿಯಲ್ಲಿ ಏನೂ ಓಡಾಡದಿದ್ದರೆ ಸಾಲನ್ನು ಅಳಿಸುತ್ತದೆ. ಕೆಲವು ರೂಟರ್‌ಗಳಲ್ಲಿ ಯುಡಿಪಿಗೆ ಈ ಅವಧಿ ಬರೀ 30 ಸೆಕೆಂಡ್. ಸಾಲು ಅಳಿಯದಿರಲೆಂದೇ ಫೋನ್ ಆಗಾಗ, ಮಾನದಂಡದ ಪ್ರಕಾರವಾದರೆ 20 ಸೆಕೆಂಡಿಗೊಮ್ಮೆ, ಒಂದು ಪುಟ್ಟ ಪ್ಯಾಕೆಟ್ ಕಳಿಸುತ್ತದೆ. ಬ್ಯಾಟರಿ ಉಳಿಸಲು ಫೋನ್ ಆ ಅಂತರ ಹೆಚ್ಚಿಸಿಕೊಂಡರೆ, ಅಥವಾ ನಿದ್ದೆಯಲ್ಲಿ ವೈಫೈಯನ್ನೇ ಬಿಟ್ಟರೆ, ಸಾಲು ಅಳಿದುಹೋಗುತ್ತದೆ. ಹೊರಗಿನಿಂದ ಬಂದ ಕರೆಗೆ ಒಳಗೆ ದಾರಿ ಸಿಗುವುದಿಲ್ಲ. ನೀವು ಫೋನ್ ಎತ್ತಿ ಡಯಲ್ ಮಾಡಿದ ತಕ್ಷಣ ಸುರಂಗ ಮತ್ತೆ ಏಳುತ್ತದೆ, ಹಾಗಾಗಿ ನಿಮ್ಮ ಕಣ್ಣಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ.

ರೂಟರಿನಲ್ಲಿ ಯುಡಿಪಿ ಟೈಮ್‌ಔಟ್ ಬದಲಿಸಲು ಬಂದರೆ 300 ಸೆಕೆಂಡ್‌ಗೆ ಏರಿಸಿ. ಫೋನಿನಲ್ಲಿ ಬ್ಯಾಟರಿ ಸೇವರ್ ಆಫ್ ಮಾಡಿ, ಪರದೆ ಆರಿದಾಗ ವೈಫೈ ಆಫ್ ಮಾಡುವ ಆಯ್ಕೆ ಇದ್ದರೆ ಅದನ್ನೂ.

ವೇಗಕ್ಕಿಂತ ಸ್ಥಿರತೆ ಮುಖ್ಯ

‘ನಮ್ಮದು 100 ಎಂಬಿಪಿಎಸ್ ಸಂಪರ್ಕ, ಆದರೂ ಮಾತು ಕಡಿಯುತ್ತದೆ’ ಎಂಬ ದೂರು ಸಾಮಾನ್ಯ. ಕರೆಗೆ ಅಷ್ಟು ವೇಗ ಬೇಕಾಗಿಯೇ ಇಲ್ಲ. ಧ್ವನಿಯನ್ನು ಕುಗ್ಗಿಸಿ ಕಳಿಸುವ ಎಎಂಆರ್ ವೈಡ್‌ಬ್ಯಾಂಡ್ ಎಂಬ ಕೋಡೆಕ್ ಧ್ವನಿಗೆ 12.65 ಕೆಬಿಪಿಎಸ್‌ನಷ್ಟೇ ಬಳಸಬಲ್ಲದು. 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ ಹೊರಡುತ್ತವೆ, ಪ್ರತಿಯೊಂದಕ್ಕೂ ಸುರಂಗದ ಹೊದಿಕೆ ಸೇರಿ ಒಂದು ಕಡೆಗೆ ಸುಮಾರು 65ರಿಂದ 100 ಕೆಬಿಪಿಎಸ್ ಆಗುತ್ತದೆ. ಎರಡೂ ಕಡೆ ಸೇರಿಸಿದರೆ ನಿಮಿಷಕ್ಕೆ ಸುಮಾರು 1ರಿಂದ 1.5 ಎಂಬಿ. ಬೇಕಾದದ್ದು ಆ 50 ಪ್ಯಾಕೆಟ್‌ಗಳು ಬಿಡದೆ, ಸಮಯಕ್ಕೆ ಸರಿಯಾಗಿ ತಲುಪುವುದು. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸಹಜವಾಗಿರುತ್ತದೆ. 400 ದಾಟಿದರೆ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುವ ಪರಿಸ್ಥಿತಿ.

ಹೆಚ್ಚು ಕಾಡುವುದು ಅಪ್‌ಲೋಡ್. ಮನೆಯಲ್ಲಿ ಯಾರದೋ ಫೋನ್ ಫೋಟೊಗಳನ್ನು ಬ್ಯಾಕಪ್ ಮಾಡುತ್ತಿದ್ದರೆ ರೂಟರಿನ ಬಾಗಿಲಲ್ಲಿ ಉದ್ದ ಸಾಲು ಬೆಳೆಯುತ್ತದೆ. ನಿಮ್ಮ ಧ್ವನಿಯ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಅವರ ಮಾತು ನಿಮಗೆ ಸ್ಪಷ್ಟ, ನಿಮ್ಮ ಮಾತು ಅವರಿಗೆ ತುಂಡುತುಂಡು ಎಂದರೆ ಇದೇ ಇರಬೇಕು. ಸುಮ್ಮನಿದ್ದಾಗ ಒಮ್ಮೆ, ದೊಡ್ಡ ಕಡತ ಅಪ್‌ಲೋಡ್ ಆಗುವಾಗ ಒಮ್ಮೆ ಪಿಂಗ್ (ಹೋಗಿ ಬರುವ ಸಮಯ) ಅಳೆಯಿರಿ. 20 ಮಿಲಿಸೆಕೆಂಡ್ ಇದ್ದದ್ದು 500 ಆದರೆ ಖಚಿತ. ಯಾವುದಕ್ಕೆ ಮೊದಲ ದಾರಿ ಎಂದು ನಿರ್ಧರಿಸುವ ರೂಟರಿನ ಕ್ಯುಒಎಸ್ ಆಯ್ಕೆಯಲ್ಲಿ ಅಪ್‌ಲೋಡ್ ಮಿತಿಯನ್ನು ಅಳತೆಗೆ ಸಿಕ್ಕ ವೇಗದ ಶೇ 85–90ಕ್ಕೆ ಇಳಿಸಿ, ಯುಡಿಪಿ 4500ಕ್ಕೆ ಮೇಲಿನ ಆದ್ಯತೆ ಕೊಡಿ. ವೈಫೈಯಲ್ಲಿ ಧ್ವನಿಗೆ ಮೊದಲ ಮಣೆ ಕೊಡುವ ಡಬ್ಲ್ಯುಎಂಎಂ ಆನ್ ಇರಲಿ.

ಮಾತಾಡುವ ಜಾಗದಲ್ಲಿ ವೈಫೈ ಮಟ್ಟ ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಅಥವಾ ಅದಕ್ಕಿಂತ ಉತ್ತಮವಾಗಿರಬೇಕು. ಮೈನಸ್ 75ರ ಆಚೆ ಧ್ವನಿ ಒಡೆಯತೊಡಗುತ್ತದೆ. ಅಳೆಯಲು ಉಚಿತ ವೈಫೈ ಅನಲೈಸರ್ ಆ್ಯಪ್‌ಗಳಿವೆ. ರೂಟರ್ ಇರುವ ಕೋಣೆಯಲ್ಲೇ ಮಾತಾಡುವುದಾದರೆ 5 ಗಿಗಾಹರ್ಟ್ಸ್ ಒಳ್ಳೆಯದು, ಎರಡು ಗೋಡೆಯಾಚೆ 2.4 ಮೇಲು. ಆದರೆ ಮೈಕ್ರೊವೇವ್ ಓವನ್ ಓಡುವುದೂ 2.4ರ ಆಸುಪಾಸಿನಲ್ಲೇ ಎನ್ನುವುದು ನೆನಪಿರಲಿ.

ಎಸ್ಎಂಎಸ್‌ನ ಕಥೆ

ಕರೆ ಹೋಗುತ್ತದೆ ಎಂದ ಮಾತ್ರಕ್ಕೆ ಮೆಸೇಜ್ ಹೋಗಲೇಬೇಕೆಂದಿಲ್ಲ. ಎಸ್ಎಂಎಸ್ ಅನ್ನು ಐಎಂಎಸ್ ಮೂಲಕ ಸಾಗಿಸುವುದನ್ನು ಕಂಪನಿ ಬೇರೆಯಾಗಿ ಒದಗಿಸಬೇಕು. ಒದಗಿಸದಿದ್ದರೆ ಮೆಸೇಜ್‌ಗಳು ಟವರ್ ಸಿಗುವವರೆಗೆ ಕಾಯುತ್ತವೆ. ಬ್ಯಾಂಕಿನ ಒಟಿಪಿ ಮನೆಯೊಳಗೆ ಬಾರದೆ, ಹೊರಗೆ ಕಾಲಿಟ್ಟ ಕೂಡಲೇ ನಾಲ್ಕು ಒಟ್ಟಿಗೆ ಬಂದರೆ ಹೀಗೇ ಆಗಿರಬಹುದು.

ಪರೀಕ್ಷಿಸುವಾಗ ಒಂದು ಎಚ್ಚರ. ಇಂಟರ್ನೆಟ್ ಮೂಲಕ ಹೋಗುವ ಐಮೆಸೇಜ್ ಮತ್ತು ಆರ್‌ಸಿಎಸ್ ಸಂದೇಶಗಳು ಅದೇ ಮೆಸೇಜ್ ಆ್ಯಪ್‌ನಲ್ಲಿದ್ದರೂ ಎಸ್ಎಂಎಸ್ ಅಲ್ಲ, ಯಾವ ವೈಫೈ ಇದ್ದರೂ ಹೋಗುತ್ತವೆ. ಅವನ್ನು ಆಫ್ ಮಾಡಿಯೇ ಪರೀಕ್ಷಿಸಿ.

ಕನ್ನಡದಲ್ಲಿ ಬರೆಯುವವರು ಉದ್ದದ ಲೆಕ್ಕವನ್ನೂ ತಿಳಿದಿರಬೇಕು. ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ, ಕನ್ನಡ ಆದರೆ ಸಾಮಾನ್ಯವಾಗಿ 70. ಅದೂ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಬೇರೆ ಬೇರೆ ಎಣಿಕೆಯಾಗುತ್ತವೆ. ‘ನಾನು ಸಂಜೆ ಆರು ಗಂಟೆಗೆ ಮನೆಗೆ ಬರುತ್ತೇನೆ’ ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರ 16. ಫೋನಿನ ಲೆಕ್ಕದಲ್ಲಿ ಖಾಲಿ ಜಾಗವೂ ಸೇರಿ 36. 70 ದಾಟಿದರೆ ಮೆಸೇಜ್ 67ರ ತುಂಡುಗಳಾಗಿ ಹೋಗುತ್ತದೆ, ಎಲ್ಲ ತುಂಡು ಸೇರಿದ ಮೇಲಷ್ಟೇ ಆ ಕಡೆ ಪೂರ್ತಿ ಕಾಣುತ್ತದೆ. ಸಂಪರ್ಕ ಬಂದು ಹೋಗುತ್ತಿರುವಾಗ ಚಿಕ್ಕದಾಗಿ ಬರೆಯಿರಿ.

ಹೊರಗೆ ನಡೆದರೆ, ತುರ್ತು ಬಂದರೆ

ಮಾತಾಡುತ್ತಾ ಗೇಟು ದಾಟಿದರೆ ಕರೆ ವೈಫೈಯಿಂದ ವೋಲ್ಟಿಗೆ ಜಾರಿಕೊಳ್ಳಬಲ್ಲದು. ಹೊರಗೆ 4ಜಿ ಇಲ್ಲದೆ ಹಳೇ 2ಜಿ ಮಾತ್ರ ಇದ್ದರೆ ಸಾಮಾನ್ಯವಾಗಿ ಕಡಿಯುತ್ತದೆ. ಬೇರೆ ದೇಶದಲ್ಲಿದ್ದಾಗ ವೈಫೈ ಕರೆಯನ್ನು ಕೆಲವು ಕಂಪನಿಗಳು ಸ್ವದೇಶದ ಕರೆಯೆಂದು ಎಣಿಸುತ್ತವೆ, ಕೆಲವು ರೋಮಿಂಗ್ ಎಂದು ಬಿಲ್ ಹಾಕುತ್ತವೆ, ಕೆಲವು ಬಿಡುವುದೇ ಇಲ್ಲ. ಹೊರಡುವ ಮುನ್ನ ಕೇಳಿಕೊಳ್ಳಿ.

ತುರ್ತು ಕರೆಗೆ ಫೋನ್ ಮೊದಲು ಟವರನ್ನೇ ಹುಡುಕುತ್ತದೆ, ನಿಮ್ಮ ಕಂಪನಿಯದಲ್ಲದ ಟವರ್ ಆದರೂ ಸರಿ. ಯಾವುದೂ ಸಿಗದಾಗ ಮಾತ್ರ ವೈಫೈಗೆ ಬರುತ್ತದೆ, ಅದೂ ಕಂಪನಿ ಅವಕಾಶ ಕೊಟ್ಟಿದ್ದರೆ. ವೈಫೈ ಮೇಲೆ ನಿಮ್ಮ ಸ್ಥಳ ಅವರಿಗೆ ಸರಿಯಾಗಿ ಕಾಣದಿರಬಹುದು. ಆದ್ದರಿಂದ ಮೊದಲ ಮಾತೇ ವಿಳಾಸವಾಗಿರಲಿ.

ಕರೆಂಟ್ ಹೋದರೆ ವೈಫೈ ಹೋಯಿತು, ಅದರ ಜೊತೆ ಫೋನೂ. ವಯಸ್ಸಾದವರು, ಕಾಯಿಲೆಯವರು ಇರುವ ಮನೆಯಲ್ಲಿ ಟವರ್ ಸಿಗ್ನಲ್ ಇಲ್ಲವೆಂದರೆ ರೂಟರಿಗೊಂದು ಪುಟ್ಟ ಯುಪಿಎಸ್ ಹಾಕಲೇಬೇಕು. ಅಡಾಪ್ಟರ್ ಮೇಲಿನ ವೋಲ್ಟ್ ಎಷ್ಟೋ ಯುಪಿಎಸ್‌ನದೂ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. ಫೈಬರ್ ಸಂಪರ್ಕವಾದರೆ ಗೋಡೆಯಲ್ಲಿರುವ ಫೈಬರ್ ಪೆಟ್ಟಿಗೆಗೂ ಬೇರೆ ಅಡಾಪ್ಟರ್ ಇರುತ್ತದೆ. ಅದರ ವೋಲ್ಟ್ ಹೊಂದಿ, ಎರಡರ ಆಂಪಿಯರ್ ಮೊತ್ತವನ್ನು ಯುಪಿಎಸ್ ತಾಳುವುದಾದರೆ ಅದನ್ನೂ ಅದೇ ಯುಪಿಎಸ್‌ಗೆ ಜೋಡಿಸಿ, ಇಲ್ಲವಾದರೆ ಬೇರೆಯದಕ್ಕೆ. ಮೇನ್ ಸ್ವಿಚ್ ಆಫ್ ಮಾಡಿ ಒಂದು ಕರೆ ಮಾಡಿ ನೋಡಿ.