ಕಪ್ಪು ಪರದೆಯ ಕಮೊಡೋರ್ 64 ಸರಿಹೋದ ಬಗೆ

ಒಟ್ಟಿಗೆ ಸಿಕ್ಕ ಹಳೆಯ ಹೋಮ್ ಕಂಪ್ಯೂಟರ್‌ಗಳಲ್ಲಿ ಯಾವುದಕ್ಕೂ ನಾನು ನೇರವಾಗಿ ವಿದ್ಯುತ್ ಕೊಡಲಿಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಕಮೊಡೋರ್ 64ರ ಮಟ್ಟಿಗೆ ವಯಸ್ಸಾದ ಪವರ್ ಸಪ್ಲೈಯೇ ದೊಡ್ಡ ಅಪಾಯ. ಒಳಗಿನ ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಭಾಗ) ಕೆಟ್ಟರೆ 5 ವೋಲ್ಟ್ ಇರಬೇಕಾದಲ್ಲಿ ಅದಕ್ಕಿಂತ ಹೆಚ್ಚು ವೋಲ್ಟೇಜ್ ಬಂದು ಮೆಮೊರಿ ಚಿಪ್‌ಗಳು ಸುಟ್ಟುಹೋಗುತ್ತವೆ. ಆದ್ದರಿಂದ ಮೊದಲು ಹಳೆಯ ಸಪ್ಲೈಗಳನ್ನು ಮಲ್ಟಿಮೀಟರಿನಿಂದ ಅಳೆದು, 5.25 ವೋಲ್ಟ್ ದಾಟಿದವನ್ನು ಪಕ್ಕಕ್ಕಿಟ್ಟು, ಹೊಸ ಸಪ್ಲೈಯಿಂದಲೇ ಪರೀಕ್ಷೆ ನಡೆಸಿದೆ.

ಒಂದು ಯಂತ್ರದಲ್ಲಿ ದೀಪ ಉರಿದರೂ ಪರದೆ ಕಪ್ಪಾಗಿಯೇ ಉಳಿಯಿತು. ಅದರ ಬೋರ್ಡಿನಲ್ಲಿ 4164 ಎಂಬ ಎಂಟು ಮೆಮೊರಿ ಚಿಪ್‌ಗಳಿವೆ. ಪ್ರತಿಯೊಂದು ಬೈಟಿನ ಒಂದೊಂದು ಬಿಟ್ ಒಂದೊಂದು ಚಿಪ್ಪಿನಲ್ಲಿರುವುದರಿಂದ, ಒಂದು ಕೆಟ್ಟರೂ ಯಂತ್ರ ಶುರುವಾಗದೇ ಹೋಗಬಹುದು. ಬೆರಳಿಟ್ಟು ನೋಡಿದರೆ ಏಳು ಚಿಪ್‌ಗಳು ಉಗುರುಬೆಚ್ಚಗಿದ್ದವು, ಎಂಟನೆಯದು ಮುಟ್ಟಲಾಗದಷ್ಟು ಸುಡುತ್ತಿತ್ತು. ಸತ್ತ ಚಿಪ್ಪಿಗಿಂತ ಬೋರ್ಡಿನ ತಾಮ್ರದ ಗೆರೆಗಳು ಬಹಳ ಅಮೂಲ್ಯವಾದ್ದರಿಂದ, ಅದರ ಕಾಲುಗಳನ್ನು ಕತ್ತರಿಸಿ, ಬೆಸುಗೆ ಕರಗಿಸುತ್ತಾ ಒಂದೊಂದನ್ನೇ ನಿಧಾನವಾಗಿ ತೆಗೆದೆ. ಆ ಜಾಗದಲ್ಲಿ ಸಾಕೆಟ್ ಬೆಸೆದು ಹೊಸ ಚಿಪ್ ಕೂರಿಸಿದ ಮೇಲೆ, ನೀಲಿ ಪರದೆಯಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ 38911 ಬೈಟ್ ಲಭ್ಯವಿದೆ ಎಂಬ ಸಾಲು ಸ್ಪಷ್ಟವಾಗಿ ಮೂಡಿತು. ಕೆಲಸ ಮಾಡದ ಕೆಲವು ಕೀಗಳು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದಾಗ ಸರಿಹೋದವು.